ವ್ಯಾಕ್ಯೂಮ್ ಪಂಪ್ ತರದೆ ಎಸಿ ಕೂರಿಸಲು ಬಂದವರನ್ನು ಹಾಗೆಯೇ ಕಳುಹಿಸಿಬಿಡಿ

ಕಳೆದ ಏಪ್ರಿಲ್‌ನಲ್ಲಿ ಅವ್ವನ ಕೋಣೆಗೆ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ತಂದೆವು. ನಮ್ಮದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮೇಲಂತಸ್ತಿನ ಮನೆ. ರಾತ್ರಿ ಹತ್ತಾದರೂ ತಾರಸಿಯ ಕಾವು ಇಳಿಯುವುದಿಲ್ಲ. ಅಂಗಡಿಯವರು ಕಳುಹಿಸಿದ ಇಬ್ಬರು ಹುಡುಗರು ಒಂದೇ ಗಂಟೆಯಲ್ಲಿ ಕೆಲಸ ಮುಗಿಸಿದಾಗ ನನಗೆ ಖುಷಿಯೇ ಆಗಿತ್ತು.

ಅವರು ತಾಮ್ರದ ಪೈಪನ್ನು ಗರಗಸದ ಬ್ಲೇಡಿನಿಂದ ಕೊಯ್ದರು. ತುದಿಯನ್ನು ಅರಳಿಸಿ, ನಟ್ ಹಾಕಿ, ಒಂದೇ ಸ್ಪ್ಯಾನರಿನ ಮೇಲೆ ಮೈಭಾರ ಹಾಕಿ ಬಿಗಿದರು. ಆಮೇಲೆ ಔಟ್‌ಡೋರ್ ಯೂನಿಟ್ಟಿನ ವಾಲ್ವ್ ಸ್ವಲ್ಪ ತೆರೆದು ಗ್ಯಾಸನ್ನು ಬುಸ್ಸೆಂದು ಹೊರಬಿಟ್ಟು, "ಪೈಪಿನೊಳಗಿನ ಗಾಳಿ ಹೋಯಿತು ಸರ್" ಎಂದರು. ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವ ಎಲ್ಲ ಹೀರಿ ತೆಗೆದು ವ್ಯಾಕ್ಯೂಮ್ ಮಾಡುವುದಿಲ್ಲವೇ ಎಂದು ಕೇಳಿದೆ. "ಮನೆಯ ಎಸಿಗೆ ಅದೆಲ್ಲ ಬೇಡ" ಎಂದರು. ನಾನು ಸುಮ್ಮನಾದೆ.

ಮೂರನೆಯ ವಾರಕ್ಕೆ ಬರೀ ಫ್ಯಾನಿನ ಗಾಳಿ. ಇನ್ನೊಬ್ಬ ಮೆಕ್ಯಾನಿಕ್ ಬಂದು, ಗ್ಯಾಸ್ ಖಾಲಿಯಾಗಿದೆ ಎಂದು ತುಂಬಿಸಿ 2,800 ರೂಪಾಯಿ ತೆಗೆದುಕೊಂಡ. ತಿಂಗಳೊಳಗೆ ಮತ್ತೆ ಅದೇ ಪಾಡು. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ, ಅದೇ ಗ್ಯಾಸ್ ವರ್ಷಗಟ್ಟಲೆ ಒಳಗೇ ಸುತ್ತುತ್ತಿರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಕೊನೆಗೆ ಧಾರವಾಡದಿಂದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಪೈಪಿನ ಕಪ್ಪು ಹೊದಿಕೆ ಸರಿಸಿದಾಗ ನಟ್ಟಿನ ಸುತ್ತ ಎಣ್ಣೆಯ ಜಿಡ್ಡು ಕಂಡಿತು, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಸೋಪಿನ ನೊರೆ ಹಚ್ಚಿದರೆ ಗುಳ್ಳೆಗಳು ಒಂದೊಂದಾಗಿ ಎದ್ದವು. ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು ನಟ್ ಬಿಚ್ಚಿ, ಪೈಪಿನ ಬಾಯಿಯನ್ನು ನನ್ನ ಕೈಗೇ ಕೊಟ್ಟರು. ಅಂಚು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಉಗುರು ಆಡಿಸಿದರೆ ಕೂದಲೆಳೆಯಷ್ಟು ಬಿರುಕು ತಡೆಯುತ್ತಿತ್ತು. ಒಳಗಿನ ತಾಮ್ರದ ಚೂಪು ಸಿಬಿರನ್ನು ಯಾರೂ ಕೆರೆದು ತೆಗೆದಿರಲಿಲ್ಲ.

ಅವರು ಕೆಲಸ ಮಾಡಿದ ರೀತಿಯೇ ಬೇರೆ. ಪೈಪ್ ಕಟರಿನಿಂದ ಕತ್ತರಿಸಿ, ಚೂರು ಒಳಗೆ ಬೀಳದಂತೆ ಬಾಯಿಯನ್ನು ಕೆಳಮುಖವಾಗಿ ಹಿಡಿದು ಸಿಬಿರು ತೆಗೆದರು. ನಟ್ಟನ್ನು ಮೊದಲು ಕೈಯಿಂದಲೇ ತಿರುಗಿಸಿ, ಆಮೇಲೆ ಒಂದು ಸ್ಪ್ಯಾನರಿನಿಂದ ವಾಲ್ವನ್ನು ಹಿಡಿದು, ಎಷ್ಟು ಬಲ ಬೀಳುತ್ತಿದೆ ಎಂದು ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದರು. ಕಾಲು ಇಂಚಿನ ಪೈಪಿಗೆ ಸುಮಾರು 14ರಿಂದ 18 ನ್ಯೂಟನ್ ಮೀಟರ್ ಬಿಗಿತ ಸಾಕಂತೆ, ಅರ್ಧ ಇಂಚಿನದಕ್ಕೆ 49ರಿಂದ 61. ಅದಕ್ಕಿಂತ ಹೆಚ್ಚು ಬಿಗಿದರೆ ತಾಮ್ರ ತೆಳುವಾಗಿ ಸೀಳುತ್ತದೆ. ನೈಟ್ರೋಜನ್ ತುಂಬಿಸಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿದರು. ಪಂಪ್ ನಿಲ್ಲಿಸಿ, ಗೇಜಿನ ಮುಳ್ಳು ಕದಲುವುದಿಲ್ಲ ಎಂಬುದನ್ನು ಕಾದು ನೋಡಿದರು. ಗ್ಯಾಸನ್ನು ತಕ್ಕಡಿಯ ಮೇಲಿಟ್ಟು, ಯೂನಿಟ್ಟಿನ ಮೇಲೆ ಬರೆದಿದ್ದ ತೂಕದಷ್ಟೇ ಹಾಕಿದರು.

ಪಂಪ್ ಏಕೆ ಬೇಕೇಬೇಕು ಎಂದರೆ, ಪೈಪಿನಲ್ಲಿ ಉಳಿದ ತೇವ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಒಳಗಿನ ಮೋಟಾರಿನ ತಂತಿಸುತ್ತನ್ನೇ (ವೈಂಡಿಂಗ್) ತಿನ್ನುತ್ತದೆ. ನಮ್ಮದು ಆರ್-32 ಗ್ಯಾಸ್, ಅದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವೂ ಇದೆ. ಅವ್ವ ಮಲಗುವ ಕೋಣೆಯ ಪಕ್ಕದಲ್ಲೇ ಅದನ್ನು ಹೊರಬಿಡಲು ಸುಮ್ಮನೆ ಒಪ್ಪಿದೆನಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಕೂರಿಸಿದ್ದರಲ್ಲಿ ಆದ ತಪ್ಪು ವಾರಂಟಿಗೆ ಬರುವುದಿಲ್ಲ ಎಂದು ಅಂಗಡಿಯವರು ಕೈ ತೊಳೆದುಕೊಂಡರು. ಕೂರಿಸಿದವರು ಯಾರು, ಏನೇನು ಮಾಡಿದರು ಎಂಬ ಒಂದು ಸಾಲೂ ನನ್ನ ರಸೀದಿಯಲ್ಲಿ ಇರಲಿಲ್ಲ. ನೀವು ದುಡ್ಡು ಕೊಡುವ ಮೊದಲೇ ಅದನ್ನು ಬರೆಸಿಕೊಳ್ಳಿ.