ಹಳೇ ಕಟ್ಟಡದ ಎರಡು ಮನೆ: ಥಳಕಿನದೋ, ಸುಣ್ಣದ್ದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸುಣ್ಣದ ಗಾರೆಯ ಮನೆಗೆ. ಥಳಕಿನ ಮನೆ ಕೊಂಡು, ಎರಡು ಮಳೆಗಾಲ ಒದ್ದಾಡಿ, ನಷ್ಟಕ್ಕೆ ಮಾರಿ ಬಂದವನು ನಾನು.

ಎರಡೂ ಪಾರಂಪರಿಕ ಪಟ್ಟಿಯಲ್ಲಿದ್ದ, ಅಂದರೆ ಅನುಮತಿ ಇಲ್ಲದೆ ಬದಲಿಸುವಂತಿಲ್ಲದ, ಹಳೇ ಕಟ್ಟಡಗಳ ಫ್ಲಾಟುಗಳೇ. ಎರಡನ್ನೂ 'ಪೂರ್ತಿ ದುರಸ್ತಿಯಾಗಿದೆ' ಅಂತಲೇ ಮಾರುತ್ತಿದ್ದರು. ಮೊದಲನೆಯದು ಥಳಕಿನದು, ಗೋಡೆ ಕನ್ನಡಿಯಷ್ಟು ನುಣುಪು. ಎರಡನೆಯದು ಸುಣ್ಣದ್ದು, ಗೋಡೆಯಲ್ಲಿ ಉಬ್ಬುತಗ್ಗು, ಬಾಗಿಲಿಗೆ ಬೇರೆ ಬಣ್ಣದ ಮರದ ತೇಪೆ. ಅರೆಬರೆ ಕೆಲಸ ಅಂದುಕೊಂಡೆ. ಹೊಸದಾಗಿ ಸೇರಿಸಿದ್ದು ಮೂಲದ ಜೊತೆ ಹೊಂದಬೇಕು, ಆದರೆ ಬೇರೆ ಅಂತ ಗುರುತೂ ಸಿಗಬೇಕು ಎಂದು ಹಳೇ ಕಟ್ಟಡ ಉಳಿಸುವ ಬಗೆಗಿನ ಅಂತರರಾಷ್ಟ್ರೀಯ ಸೂತ್ರಗಳಾದ 1964ರ ವೆನಿಸ್ ಚಾರ್ಟರ್‌ನಲ್ಲೇ ಇದೆ ಅನ್ನೋದು ಆಮೇಲೆ ಗೊತ್ತಾಯಿತು.

ಥಳಕಿನ ಮನೆಯಲ್ಲಿ ಒಂದು ದಿನ ಬೀರುವಿನಿಂದ ಅಂಗಿ ತೆಗೆದರೆ ಮುಗ್ಗಲು ವಾಸನೆ. ಬೀರು ಸರಿಸಿದೆ. ಹಿಂದಿನ ಬಣ್ಣವೆಲ್ಲ ಗುಳ್ಳೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಬಿಳೀ ಪುಡಿ ಉದುರಿತು. ಮಾರಿದವರು ಕೆರೆಸಿ, ಬಣ್ಣ ಬಳಿಸಿ ಹೋದರು. ಮೂರೇ ತಿಂಗಳಿಗೆ ಗುಳ್ಳೆ ಮತ್ತೆ ಬಂತು, ಈ ಸಲ ಒಂದು ಗೇಣು ಮೇಲೆ!

ಕೊನೆಗೆ ಹಳೇ ಗಾರೆ ಕೆಲಸದವರೊಬ್ಬರು ಬಂದು ಗೋಡೆಯನ್ನು ಗೆಣ್ಣಿನಿಂದ ತಟ್ಟಿದರು. ಟೊಳ್ಳು ಸದ್ದು. ಹಳೇ ಇಟ್ಟಿಗೆ, ಸುಣ್ಣದ ಗಾರೆ ತೇವ ಹೀರಿ ಮೆಲ್ಲಗೆ ಹೊರಗೆ ಬಿಡುತ್ತವೆ. ಅದರ ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವಕ್ಕೆ ದಾರಿ ಎಲ್ಲಿ? ಒಳಗೇ ನಿಂತು, ಉಪ್ಪು ಕಟ್ಟಿ, ಗಾರೆಯನ್ನೇ ದೂಡುತ್ತದೆ.

ಸರಿ, ಸಿಮೆಂಟು ಕೀಳಿಸೋಣ ಅಂದರೆ ಸುಮ್ನೆ ಸುತ್ತಿಗೆ ಎತ್ತುವಂತಿಲ್ಲ. ನಕ್ಷೆ, ಫೋಟೋ, ಅರ್ಜಿ. ಆಗ ಬಯಲಾಯಿತು: ಸಿಮೆಂಟು ಬಳಿಯುವಾಗ ಮನೆ ಮಾರಿದವರು ಅನುಮತಿಯನ್ನೇ ಪಡೆದಿರಲಿಲ್ಲ. ಅವರ ತಪ್ಪು ನನ್ನ ತಲೆಗೆ ಬಂತು. ಐದು ತಿಂಗಳು ಹಾಲ್‌ನಲ್ಲೇ ಮಲಗಿದೆವು.

ಬೆಳಕಿನಲ್ಲಿ ಎರಡೂ ಸಮ. ಸದ್ದಿನಲ್ಲಿ ಥಳಕಿನ ಮನೆಯೇ ಮೇಲು. ಈ ಸುಣ್ಣದ ಮನೆಯ ಮರದ ಅಟ್ಟದಲ್ಲಿ ಮೇಲಿನವರ ಪ್ರತಿ ಹೆಜ್ಜೆಯೂ ಕೇಳಿಸುತ್ತದೆ. ಹೊರಗಿನ ಸದ್ದು ತಡೆಯೋಣ ಅಂದರೆ ಕಿಟಕಿ ಬದಲಿಸುವ ಹಾಗಿಲ್ಲ, ಅದಕ್ಕೇ ಅನುಮತಿ ಪಡೆದು ಒಳಗಡೆ ಇನ್ನೊಂದು ಗಾಜು ಕೂರಿಸಿದೆ.

ಬೆಲೆ ಇದಕ್ಕೇ ಜಾಸ್ತಿ. ಆದರೆ ಅನುಮತಿ ಪತ್ರ, ಕೆಲಸದ ಫೋಟೋ ಎಲ್ಲ ಒಂದೇ ಕಡತದಲ್ಲಿ ಸಿಕ್ಕವು. ಸಾಲದ ಕಂತು ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ, ಅದನ್ನು ಹೇಗೋ ಹೊಂದಿಸಿಕೊಳ್ಳಬಹುದು. ದಿಢೀರ್ ಬರುವ ರಿಪೇರಿ ಖರ್ಚು ನನ್ನ ಸಂಬಳಕ್ಕೆ ಆಗಿಬರಲ್ಲ. ಜೊತೆಗೆ ರಜೆಯಲ್ಲಿ ಬ್ರಶ್ ಹಿಡಿದು ಗೋಡೆಗೆ ಸುಣ್ಣ ಬಳಿಯೋದು ನನಗೆ ಇಷ್ಟ. ಮನೆಗೆ ಬೀಗ ಹಾಕಿ ಊರೂರು ಸುತ್ತುವವರಿಗೆ ಇವೆರಡೂ ಬೇಡ, ಹೊಸ ಕಟ್ಟಡವೇ ವಾಸಿ.

ಈ ಸುಣ್ಣದ ಗೋಡೆಗೆ ಒರಗಿದರೆ ಅಂಗಿಯ ಬೆನ್ನು ಬೆಳ್ಳಗಾಗುತ್ತದೆ. ಕೊಡವಿಕೊಂಡು ಹೋಗುತ್ತೇನೆ, ಅಷ್ಟೇ.