ಒಂದೇ ಚಿಪ್, ಮೂರು ಮಾಡ್ಯುಲೇಶನ್: ತೊಗರಿ ಹೊಲದಿಂದ ಮನೆಗೆ ಯಾವುದು ಮುಟ್ಟಿತು?

ಲೋರಾ ಎಂಬ ದೂರ ಮುಟ್ಟುವ ರೇಡಿಯೋ ಮಾಡ್ಯೂಲನ್ನು ಅಗ್ಗದ 433 ಮೆಗಾಹರ್ಟ್ಸ್ ರಿಮೋಟಿನ ಜೊತೆ ಹೋಲಿಸುವವರು ಬಹಳ. ಅಲ್ಲಿ ಆಂಟೆನಾ ಬೇರೆ, ಪವರ್ ಬೇರೆ, ರಿಸೀವರ್ ಬೇರೆ; ಗೆದ್ದದ್ದು ಯಾವುದೆಂದೇ ತಿಳಿಯುವುದಿಲ್ಲ. ಅದಕ್ಕೇ ನಾನು ಎಸ್‌ಎಕ್ಸ್1276 ಎಂಬ ರೇಡಿಯೋ ಚಿಪ್ಪಿನ ಎರಡು ಬೋರ್ಡ್ ತಂದೆ. ಓಓಕೆ, ಎಫ್‌ಎಸ್‌ಕೆ, ಲೋರಾ ಎಂಬ ಮೂರೂ ಮಾಡ್ಯುಲೇಶನ್, ಅಂದರೆ ಸುದ್ದಿಯನ್ನು ಅಲೆಗೆ ಏರಿಸುವ ವಿಧಾನ, ಅದರಲ್ಲೇ ಇವೆ; ಚಿಪ್ಪಿನೊಳಗಿನ ಸೆಟ್ಟಿಂಗ್ (ರಿಜಿಸ್ಟರ್) ಬದಲಿಸಿದರೆ ಸಾಕು. ಫ್ರೀಕ್ವೆನ್ಸಿ 866 ಮೆಗಾಹರ್ಟ್ಸ್, ಲೈಸೆನ್ಸ್ ಬೇಡದ 865–868ರ ಒಳಗೆ. ಎರಡೂ ಕಡೆ 8.6 ಸೆಂಟಿಮೀಟರ್ ತಂತಿಯೇ ಆಂಟೆನಾ. ಕಲಬುರಗಿ ಹೊರಗಿನ ಹೊಲದಲ್ಲಿ ಬೋರಿನ ಮೋಟರ್ ನಡೆದಿದೆಯೋ ಇಲ್ಲವೋ ಎಂಬುದು ಮನೆಗೆ ತಿಳಿಯಬೇಕು, ಅಷ್ಟೇ ಕೆಲಸ.

ಓಓಕೆಯಲ್ಲಿ ಅಲೆ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಸ್ಟಾರ್ಟರ್ ಕಾಂಟ್ಯಾಕ್ಟರ್ ಕಿಡಿ ಹಾರಿಸಿದರೆ ಸೊನ್ನೆಯ ಜಾಗದಲ್ಲಿ ಗದ್ದಲ ತುಂಬುತ್ತದೆ. ಗೇಟಿನ ಬೆಲ್ಲಿಗೆ ಸರಿ, ಮೋಟರಿನ ಪಕ್ಕಕ್ಕೆ ಬೇಡ.

ಎಫ್‌ಎಸ್‌ಕೆ ನನಗೆ ಹಿಡಿಸಿತು. ಅದರಲ್ಲಿ ಒಂದಕ್ಕೆ ಒಂದು ಫ್ರೀಕ್ವೆನ್ಸಿ, ಸೊನ್ನೆಗೆ ಇನ್ನೊಂದು. ಸುದ್ದಿ ಫ್ರೀಕ್ವೆನ್ಸಿಯಲ್ಲಿರುವುದರಿಂದ ಆ ಕಿಡಿಯ ಕಾಟ ಕಡಿಮೆ. 4.8 ಕೆಬಿಪಿಎಸ್‌ನಲ್ಲಿ 20 ಬೈಟ್ ಸುಮಾರು 50 ಮಿಲಿಸೆಕೆಂಡಿನಲ್ಲಿ ಹೋಗಿಬಿಡುತ್ತದೆ, ಬ್ಯಾಟರಿಗೂ ಒಳ್ಳೆಯದು. ಆದರೆ ನಮ್ಮ ಬಿಸಿಲು ಗೊತ್ತಲ್ಲ! ತಗಡಿನ ಡಬ್ಬಿಯಲ್ಲಿ ಕುದಿಯುವ ಕ್ರಿಸ್ಟಲ್ (ಫ್ರೀಕ್ವೆನ್ಸಿ ನಿಗದಿ ಮಾಡುವ ಹರಳು) ಒಂದು, ಶಹಾಬಾದ್ ಕಲ್ಲಿನ ಮನೆಯಲ್ಲಿ ತಣ್ಣಗಿರುವುದು ಇನ್ನೊಂದು. ಎರಡರ ನಡುವೆ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ವ್ಯತ್ಯಾಸ ಬಂದರೂ 8.66 ಕಿಲೋಹರ್ಟ್ಸ್ ಸರಿದಂತೆ. ರಿಸೀವರ್ ಬ್ಯಾಂಡ್‌ವಿಡ್ತ್ ಅಗಲ ಮಾಡಿದರೆ ಪ್ಯಾಕೆಟ್ ಸಿಗುತ್ತದೆ, ಜೊತೆಗೆ ಗದ್ದಲವೂ ಒಳಗೆ ಬರುತ್ತದೆ. ಮಧ್ಯಾಹ್ನ ಬಿಟ್ಟುಹೋದ ಪ್ಯಾಕೆಟ್ ರಾತ್ರಿ ಸಲೀಸಾಗಿ ಬರುತ್ತಿತ್ತು.

ಲೋರಾ ಇದಕ್ಕೆ ಜಗ್ಗಲಿಲ್ಲ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ನಿಲ್ಲದೆ 125 ಕಿಲೋಹರ್ಟ್ಸ್ ಉದ್ದಕ್ಕೂ ಏರುತ್ತಾ ಹೋಗುತ್ತದೆ. ಅದರ ಕಾಲುಭಾಗದಷ್ಟು ಸರಿದರೂ ಹಿಡಿಯುತ್ತದೆ. ಆ ಏರಿಕೆ ಎಷ್ಟು ನಿಧಾನವಾಗಿರಬೇಕೆಂಬ ಸೆಟ್ಟಿಂಗೇ ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್). ಎಸ್‌ಎಫ್12ರಲ್ಲಿ ಗದ್ದಲಕ್ಕಿಂತ 20 ಡಿಬಿ (ನೂರು ಪಟ್ಟು) ಕೆಳಗಿನ ಸಿಗ್ನಲ್ಲನ್ನೂ ಓದುತ್ತದೆ. ಹಾಗಂತ ಎಲ್ಲರೂ ಕಣ್ಣುಮುಚ್ಚಿ 12 ಇಡುವುದೇಕೋ! ಅದೇ 20 ಬೈಟಿಗೆ ಎಸ್‌ಎಫ್7ರಲ್ಲಿ 57 ಮಿಲಿಸೆಕೆಂಡ್, 9ರಲ್ಲಿ 185, 12ರಲ್ಲಿ 1.3 ಸೆಕೆಂಡ್. ಅಷ್ಟು ಹೊತ್ತೂ ಬ್ಯಾಟರಿ ಉರಿಯುತ್ತಿರಬೇಕು. 11, 12 ಬೇಕೇ ಬೇಕೆಂದರೆ ನಿಧಾನದ ಸಿಗ್ನಲ್ಲಿಗೆಂದೇ ಇರುವ ಲೋ ಡೇಟಾ ರೇಟ್ ಆಪ್ಟಿಮೈಸ್ ಬಿಟ್ ಹಾಕಿರಿ. ನನಗೆ 9 ಸಾಕಾಯಿತು.

ಹೊಲದ ತುದಿಯಿಂದ ಕೊಟ್ಟಿಗೆಗಷ್ಟೇ ಆದರೆ ಈಗಲೂ ಎಫ್‌ಎಸ್‌ಕೆಯನ್ನೇ ಹಾಕುವೆ. ಊರವರೆಗೆ ಲೋರಾನೇ. ತೊಗರಿ ಆಳೆತ್ತರ ಬೆಳೆದು ಸಿಗ್ನಲ್ ಕುಗ್ಗಿತೆಂದು ಎಸ್‌ಎಫ್ ಮುಟ್ಟಲು ಹೋಗಬೇಡಿ. ಒಂದು ಮೆಟ್ಟಿಲು ಏರಿಸಿದರೆ ಸಿಗುವುದು ಸುಮಾರು 2.5 ಡಿಬಿ, ಬಿದಿರು ನೆಟ್ಟು ಆಂಟೆನಾವನ್ನು ಬೆಳೆಯ ಮೇಲಕ್ಕೆ ಎತ್ತಿದಾಗ ನನಗೆ ಅದಕ್ಕಿಂತ ಹೆಚ್ಚು ಸಿಕ್ಕಿತು.