ಕಾರ್ಮೋಡದ ಬೇರು ಹುಡುಕುವವರಿಗೆ ಫಾಸ್ಮರ್ ನಿಘಂಟು

ಆಗುಂಬೆ, ಹುಲಿಕಲ್ ಕಡೆಯವರಿಗೆ ಬಿಳಿಮೋಡ ಬೇರೆ, ಕಾರ್ಮೋಡ ಬೇರೆ. ರಷ್ಯನ್ನರಿಗೂ ಹಾಗೇ: ಸಾದಾ ಮೋಡ ‘ಓಬ್ಲಕೊ’, ಮಳೆ ಹೊತ್ತದ್ದು ‘ತೂಚ’. ಮೊದಲನೆಯದರ ಬೇರು ಸಲೀಸು, ಸುತ್ತಿ ಹೊದಿಸಿದ್ದು ಅಂತ. ತಲೆನೋವು ಎರಡನೆಯದು. ಅದಕ್ಕೆ ಭಾಷಾವಿಜ್ಞಾನಿ ಮ್ಯಾಕ್ಸ್ ಫಾಸ್ಮರ್ ಅವರ ರಷ್ಯನ್ ನಿರುಕ್ತ ನಿಘಂಟೇ (ಪದಗಳ ಬೇರು ಹೇಳುವ ನಿಘಂಟು) ಸರಿ. ಜರ್ಮನ್ ಮೂಲ 3 ಸಂಪುಟ (1950–58). ಅನುವಾದಕ ತ್ರುಬಚೋವ್ ಟಿಪ್ಪಣಿ ಸೇರಿಸಿದ ರಷ್ಯನ್ ಅನುವಾದ 4 ಸಂಪುಟ (1964–73). ಬಳಕೆಗೆ ಇದೇ ಮೇಲು, ಅಂತರ್ಜಾಲದಲ್ಲಿ ಪುಕ್ಕಟೆ ಹುಡುಕಬಹುದು.

ಮೊಬೈಲ್ ಕೀಬೋರ್ಡಿಗೆ ರಷ್ಯನ್ ಸೇರಿಸಿಕೊಂಡು ‘ತೂಚ’ದ 4 ಅಕ್ಷರ (туча) ಒತ್ತಿ. ನಮೂದಿನ ತುಂಬ ಸಂಕ್ಷೇಪಗಳೇ. ‘ಲಿತ್.’ ಲಿಥುವೇನಿಯನ್, ‘ದ್ರ್.-ಇಂದ್.’ ನಮ್ಮ ಸಂಸ್ಕೃತ. ಹೆಚ್ಚಿನವರು ಎಡವುವುದು ‘ಸ್ರ್.’ ಹತ್ತಿರ: ಅದು ‘ಹೋಲಿಸಿ ನೋಡಿ’ ಅಷ್ಟೇ, ‘ಇದರಿಂದ ಬಂತು’ ಅಲ್ಲ. ‘ದಟ್ಟ’ ಎಂಬರ್ಥದ ಲಿಥುವೇನಿಯನ್ ‘ತಾಂಕುಸ್’, ಹಾಲಿಗೆ ಹಾಕುವ ಹೆಪ್ಪು ಎಂಬರ್ಥದ ಸಂಸ್ಕೃತ ‘ಆತಂಚನ’ ಎರಡನ್ನೂ ಫಾಸ್ಮರ್ ‘ತೂಚ’ದ ಹೋಲಿಕೆಗೆ ತರುತ್ತಾರೆ. ದಟ್ಟೈಸುವ ಅರ್ಥ ಮೋಡಕ್ಕೆ ಒಗ್ಗುತ್ತದೆ. ಆದರೆ ಇದೇ ಪದದ ಪೋಲಿಶ್ ರೂಪ ‘ತೆಂಚಾ’ ಅಂದರೆ ಕಾಮನಬಿಲ್ಲು! ಅಲ್ಲಿ ಅರ್ಥವನ್ನು ಎಳೆದು ಕೂರಿಸಬೇಕು. ಗುಮಾನಿ ಇಟ್ಟುಕೊಂಡೇ ಓದಿ.

ನಕ್ಷತ್ರ ಚಿಹ್ನೆಯ ರೂಪಗಳು ಊಹಿಸಿ ಕಟ್ಟಿದವು, ಬರಹದಲ್ಲಿ ಸಿಕ್ಕವಲ್ಲ. ಅವನ್ನು ಹುಡುಕುಪಟ್ಟಿಗೆ ಹಾಕಬೇಡಿ.

ಕೊರತೆ ಎಂದರೆ, ಶೀರ್ಷಿಕೆಗಳೆಲ್ಲ ರಷ್ಯನ್. ಪೋಲಿಶರ ಮೋಡ ‘ಖ್ಮುರಾ’ ಬೇಕಿದ್ದರೆ ಅದರ ರಷ್ಯನ್ ನಂಟ ‘ಖ್ಮೂರಿ’ಯ ಕೆಳಗೆ ಹುಡುಕಬೇಕು. ಹೊಸಬರು ‘ನೇಬೊ’, ಅಂದರೆ ಆಕಾಶದಿಂದ ಶುರುಮಾಡುವುದು ಒಳ್ಳೇದು: ಸಂಸ್ಕೃತದ ನಭಸ್, ಗ್ರೀಕಿನ ನೆಫೋಸ್ ಜತೆಗಿನ ನಂಟಿನಲ್ಲಿ ತಕರಾರಿಲ್ಲ. ಆಷಾಢದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರಾದರೆ ಬೇಕಾದ ನಮೂದುಗಳ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ.